ಆರ್.ವಿ.ಗೆ ಬೀಗ ಹಾಕಿದ ಮಾತ್ರಕ್ಕೆ ಚಳಿಗಾಲ ಕಳೆಯುವುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಅಮೆರಿಕದ ಕನ್ನಡ ಕುಟುಂಬಗಳು ಆರ್.ವಿ. ಎಂಬ ಸಂಚಾರಿ ಮನೆಯಂಥ ಗಾಡಿ ಕೊಂಡು ಊರೂರು ಸುತ್ತುವ ಹವ್ಯಾಸದ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಇಲ್ಲಿನ ಮಿನ್ನೆಸೋಟ ರಾಜ್ಯದಲ್ಲಿ ಕುಳಿತು ಆಸಕ್ತಿಯಿಂದ ಓದಿದೆ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ಗಾಡಿಯಲ್ಲಿ ರಾಷ್ಟ್ರೀಯ ಉದ್ಯಾನವಾದ ಯೆಲ್ಲೊಸ್ಟೋನ್‌ವರೆಗೆ ಹೋಗಿ, ಬೆಳಗಿನ ಚಳಿಯಲ್ಲಿ ಬಿಸಿ ಉಪ್ಪಿಟ್ಟು, ಫಿಲ್ಟರ್ ಕಾಫಿ ಮಾಡಿಕೊಳ್ಳುವ ಸುಖವನ್ನು ಲೇಖಕರು ಚೆನ್ನಾಗಿ ವರ್ಣಿಸಿದ್ದಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಲೇಖನದ ಕೊನೆಯಲ್ಲಿ, ಚಳಿಗಾಲ ಬಂತೆಂದರೆ ಟ್ಯಾಂಕಿನ ನೀರು ಖಾಲಿ ಮಾಡಿ, ಕೊಳಾಯಿಗಳಿಗೆ ಒಂದಿಷ್ಟು ಕಾರಿನ ಕೂಲಂಟ್ (ಎಂಜಿನ್ ತಣಿಸುವ ದ್ರವ) ಸುರಿದು, ಬೀಗ ಹಾಕಿದರೆ ಮುಗಿಯಿತು ಎಂಬರ್ಥದ ಒಂದು ವಾಕ್ಯವಿದೆ. ಆ ಒಂದೇ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಒಂದು ಗಾಡಿಯನ್ನು ಕೆಡಿಸುತ್ತದೆ, ಇನ್ನೊಂದು ಜೀವಕ್ಕೇ ಎರವಾಗಬಹುದು. ಈ ವರ್ಷ ಹೊಸದಾಗಿಯೋ ಹಳತಾಗಿಯೋ ಆರ್.ವಿ. ಕೊಂಡಿರುವ ಕನ್ನಡಿಗರು ಆ ವಾಕ್ಯವನ್ನು ನಂಬಿ ಅಕ್ಟೋಬರನ್ನು ಎದುರುಗೊಳ್ಳಬಾರದೆಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆಯ ಚಳಿ ಎಂಥದೆಂದು ಮೊದಲು ಹೇಳಬೇಕು. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಉಷ್ಣಾಂಶ ಮೈನಸ್ 28 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 33ಕ್ಕೆ ಇಳಿದಿತ್ತು. ರಾಜ್ಯದ ಉತ್ತರಕ್ಕಿರುವ ಟವರ್ ಎಂಬ ಊರಿನಲ್ಲಿ 1996ರ ಫೆಬ್ರುವರಿಯಲ್ಲಿ ದಾಖಲಾದ ಮೈನಸ್ 60 ಫ್ಯಾರನ್‌ಹೀಟ್ ಇಂದಿಗೂ ರಾಜ್ಯದ ದಾಖಲೆಯಾಗಿ ನಿಂತಿದೆ. ನಿವೃತ್ತರಾದವರು ಶರತ್ಕಾಲದಲ್ಲೇ ಗಾಡಿ ಸಮೇತ ಅರಿಜೋನಾಕ್ಕೋ ಫ್ಲಾರಿಡಾಕ್ಕೋ ಇಳಿದು ವಸಂತದಲ್ಲಿ ಮರಳುತ್ತಾರೆ. ಇಲ್ಲಿನವರು ಅವರನ್ನು ಹಿಮಹಕ್ಕಿಗಳೆಂದೇ ಕರೆಯುತ್ತಾರೆ. ಉದ್ಯೋಗ, ಮಕ್ಕಳ ಶಾಲೆ ಎಂದು ಕಟ್ಟುಬಿದ್ದಿರುವ ನಮ್ಮಂಥವರ ಗಾಡಿಗಳು ಮಾತ್ರ ವರ್ಷದ ಅರ್ಧದಷ್ಟು ಕಾಲ ಮನೆಯ ಮುಂದೆಯೋ ಬಾಡಿಗೆಯ ಅಂಗಳದಲ್ಲಿಯೋ ಹಿಮದಡಿ ನಿಂತಿರುತ್ತವೆ. ಹೀಗೆ ನಿಲ್ಲಿಸುವುದಕ್ಕೆ ಗಾಡಿಯನ್ನು ಅಣಿಗೊಳಿಸುವ ಕೆಲಸವನ್ನು ಇಲ್ಲಿ ವಿಂಟರೈಸ್ ಮಾಡುವುದು ಎನ್ನುತ್ತಾರೆ.

ಈ ಕೆಲಸದಲ್ಲಿ ಮುಕ್ಕಾಲು ಪಾಲು ನೀರಿಗೆ ಸಂಬಂಧಿಸಿದ್ದು. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಆ ಹಿಗ್ಗುವಿಕೆಗೆ ಎಡೆ ಸಿಗದಿದ್ದರೆ ಸುತ್ತಲಿನದನ್ನು ಸೀಳುತ್ತದೆ. ಈಗಿನ ಗಾಡಿಗಳಲ್ಲಿ ಬಳಸುವ ಪ್ಲಾಸ್ಟಿಕ್ ಕೊಳವೆಗಳು ಅಷ್ಟಿಷ್ಟು ಹಿಗ್ಗಿ ತಾಳಿಕೊಳ್ಳುತ್ತವೆ. ಒಡೆಯುವುದು ಕೊಳವೆಗಳ ಜೋಡಣೆಗಳು, ಪಂಪಿನ ತಲೆ, ನಲ್ಲಿಯ ಒಳಭಾಗ, ಟಾಯ್ಲೆಟ್ಟಿನ ವಾಲ್ವು. ಇವೆಲ್ಲ ಗೋಡೆಯ ಹಿಂದೆಯೋ ನೆಲದ ಕೆಳಗೋ ಇರುವಂಥವು. ಟ್ಯಾಂಕು ಖಾಲಿ ಮಾಡಿದ ಮಾತ್ರಕ್ಕೆ ಇವು ಖಾಲಿಯಾಗುವುದಿಲ್ಲ, ಕೊಳವೆ ತಗ್ಗಿದ ಕಡೆಯಲ್ಲೆಲ್ಲ ನೀರು ಉಳಿದೇ ಇರುತ್ತದೆ. ಲೇಖನದ ಮೊದಲ ತಪ್ಪು ಇರುವುದು ಇಲ್ಲಿ.

ಅದನ್ನು ನಾನು ದುಡ್ಡು ತೆತ್ತು ಕಲಿತೆ. ಕಾರಿನ ಹಿಂದೆ ಕಟ್ಟಿ ಎಳೆಯುವ ಹಳೆಯ ಟ್ರೈಲರೊಂದನ್ನು ಕೊಂಡ ಮೊದಲ ವರ್ಷ, ಕೈಪಿಡಿಯನ್ನು ಮುಂದಿಟ್ಟುಕೊಂಡು ಒಳಗಿನ ಎಲ್ಲ ನಲ್ಲಿಗಳನ್ನೂ ಶ್ರದ್ಧೆಯಿಂದ ಸಿದ್ಧಪಡಿಸಿ, ಆ ಹೆಮ್ಮೆಯಲ್ಲೇ ಡಿಸೆಂಬರಿನಲ್ಲಿ ನಮ್ಮೂರು ಸಾಗರಕ್ಕೆ ಬಂದು ಆರು ವಾರ ಇದ್ದೆ. ಗಾಡಿಯ ಹೊರಮೈಯಲ್ಲಿ, ಪುಟ್ಟ ಬಾಗಿಲೊಂದರ ಹಿಂದೆ, ಮಣ್ಣಿನ ಕಾಲು ತೊಳೆಯಲೆಂದು ಕೊಟ್ಟಿದ್ದ ಶವರ್ ಒಂದು ಇದೆಯೆಂಬುದೇ ನನಗೆ ಮರೆತುಹೋಗಿತ್ತು. ಏಪ್ರಿಲ್ ಕೊನೆಯಲ್ಲಿ ನೀರು ತುಂಬಿ ಪಂಪು ಹಾಕಿದರೆ, ಎಲ್ಲ ನಲ್ಲಿಗಳೂ ಮುಚ್ಚಿದ್ದರೂ ಅದು ನಿಲ್ಲದೆ ಓಡತೊಡಗಿತು. ಹೊರಶವರಿನ ವಾಲ್ವು ಸೀಳಿ, ಗೋಡೆಯೊಳಗೇ ನೀರು ಇಳಿಯುತ್ತಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ನೆಲದ ಹಲಗೆ ನೆನೆದಾಗಿತ್ತು. ವಾಲ್ವಿನ ಬೆಲೆ ಅಲ್ಪ. ಹಲಗೆ ಕಿತ್ತು ಹಾಕಿಸಿದ ಕೂಲಿ ಅಲ್ಪವಾಗಿರಲಿಲ್ಲ. ಸಿದ್ಧತೆಯಿಲ್ಲದೆ ಹೆಪ್ಪುಗಟ್ಟಿ ಆದ ಹಾನಿಯನ್ನು ಹೆಚ್ಚಿನ ವಿಮಾ ಪಾಲಿಸಿಗಳು ಭರಿಸುವುದಿಲ್ಲವೆಂಬುದನ್ನೂ ಆಗಲೇ ಓದಿ ತಿಳಿದುಕೊಂಡೆ.

ಆದ್ದರಿಂದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೊದಲು ಶೌಚದ ಟ್ಯಾಂಕನ್ನೂ ಬಚ್ಚಲ ನೀರಿನ ಟ್ಯಾಂಕನ್ನೂ ಡಂಪ್ ಸ್ಟೇಷನ್ನಿನಲ್ಲಿ, ಅಂದರೆ ಕೊಳಕು ನೀರು ಬಿಡಲೆಂದೇ ಇರುವ ಜಾಗದಲ್ಲಿ, ಖಾಲಿ ಮಾಡಿ ತೊಳೆಯಬೇಕು. ಚಳಿ ಸಮೀಪಿಸಿದಂತೆ ಅನೇಕ ಉದ್ಯಾನಗಳು ತಮ್ಮ ಡಂಪ್ ಸ್ಟೇಷನ್ನುಗಳ ನೀರನ್ನು ನಿಲ್ಲಿಸಿಬಿಡುವುದರಿಂದ ಈ ಕೆಲಸವನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬಾರದು. ಆಮೇಲೆ ವಾಟರ್ ಹೀಟರಿನ ಸರದಿ. ಅದರ ವಿದ್ಯುತ್ ಸ್ವಿಚ್ಚನ್ನೂ ಗ್ಯಾಸನ್ನೂ ಆರಿಸಿ, ನೀರು ಪೂರ್ತಿ ತಣಿದು, ಒತ್ತಡವೆಲ್ಲ ಇಳಿದ ಮೇಲಷ್ಟೇ ಬಿರಡೆ ಬಿಚ್ಚಬೇಕು. ಬಿಸಿಯಿರುವಾಗ ಬಿಚ್ಚಿದರೆ ಕೈಮುಖ ಸುಡುವುದು ಖಂಡಿತ. ಕೆಲವು ಹೀಟರುಗಳಲ್ಲಿ ಬಿರಡೆಯ ಜೊತೆಗೆ ಆನೋಡ್ ಎಂಬ ಲೋಹದ ಕಡ್ಡಿ ಹೊರಬರುತ್ತದೆ. ಟ್ಯಾಂಕಿನ ಉಕ್ಕಿಗೆ ಬದಲಾಗಿ ತಾನು ಸವೆದು ತುಕ್ಕನ್ನು ತಡೆಯುವುದು ಅದರ ಕೆಲಸ, ಬಹುಪಾಲು ಸವೆದಿದ್ದರೆ ಹೊಸದನ್ನು ಹಾಕಬೇಕು. ಬಳಿಕ ಬೈಪಾಸ್ ವಾಲ್ವನ್ನು ತಿರುಗಿಸಿ ಹೀಟರನ್ನು ಕೊಳವೆಗಳ ಸಾಲಿನಿಂದ ಬೇರ್ಪಡಿಸಬೇಕು. ಇದನ್ನು ಮರೆತರೆ, ಮುಂದೆ ಹಾಯಿಸುವ, ಹೆಪ್ಪುಗಟ್ಟುವುದನ್ನು ತಡೆಯುವ ದ್ರವವಾದ ಆಂಟಿಫ್ರೀಜ್‌ನಲ್ಲಿ 6 ಗ್ಯಾಲನ್ನಿನಷ್ಟಾದರೂ ಸುಮ್ಮನೆ ಹೀಟರಿನ ಹೊಟ್ಟೆ ಸೇರುತ್ತದೆ.

ಉಳಿದ ನೀರನ್ನು ತೆಗೆಯಲು ಎರಡು ದಾರಿಗಳಿವೆ. ಕಂಪ್ರೆಸರಿನಿಂದ ಗಾಳಿ ಹಾಯಿಸಿ ಊದುವುದು ಒಂದು. ಒತ್ತಡ 50 ಪಿ.ಎಸ್.ಐ. (ಚದರ ಅಂಗುಲಕ್ಕೆ 50 ಪೌಂಡ್) ದಾಟಬಾರದು, ದಾಟಿದರೆ ಚಳಿ ಮಾಡಬೇಕಾದ ಕೆಡುಕನ್ನು ನಾವೇ ಮಾಡಿದಂತಾಗುತ್ತದೆ. ಇನ್ನೊಂದು, ಪಂಪಿನ ಮೂಲಕ ಆರ್.ವಿ. ಆಂಟಿಫ್ರೀಜನ್ನು ಎಳೆಸಿ, ಒಂದೊಂದೇ ನಲ್ಲಿಯನ್ನು ತೆರೆದು, ಬಿಸಿಯ ಕಡೆಗೂ ತಣ್ಣನೆಯ ಕಡೆಗೂ ಗುಲಾಬಿ ಬಣ್ಣ ಕಾಣುವವರೆಗೆ ಬಿಡುವುದು. ಟಾಯ್ಲೆಟ್, ಒಳಗಿನ ಶವರ್, ನನ್ನ ಪಾಲಿಗೆ ಮರೆಯಲಾರದಂತಾಗಿರುವ ಹೊರಗಿನ ಶವರ್, ಫ್ರಿಜ್ಜಿನ ಐಸ್ ಯಂತ್ರ ಇದ್ದರೆ ಅದು, ಯಾವುದನ್ನೂ ಬಿಡುವಂತಿಲ್ಲ. ಸಿಂಕಿನ ಕೆಳಗೆ ಬಾಗಿದ ಕೊಳವೆಯಲ್ಲಿ ನೀರು ನಿಲ್ಲುವುದರಿಂದ ಅಲ್ಲಿಗೂ ಒಂದು ಲೋಟದಷ್ಟು ಸುರಿಯಬೇಕು. ಸಾಮಾನ್ಯ ಗಾಡಿಯೊಂದಕ್ಕೆ 2ರಿಂದ 3 ಗ್ಯಾಲನ್ ಸಾಕು. ನಾನು ಈಗ ಮೊದಲು ಗಾಳಿ ಊದಿ, ಆಮೇಲೆ ಗುಲಾಬಿ ದ್ರವ ಹಾಯಿಸುತ್ತೇನೆ. ಅತಿಯಾಯಿತೆಂದು ಮನೆಯವರು ನಗುತ್ತಾರೆ. ಆದರೆ ಕೊಳವೆಯಲ್ಲಿ ಉಳಿದ ನೀರಿನೊಡನೆ ಬೆರೆತು ತೆಳುವಾದರೆ ಆ ದ್ರವದ ಶಕ್ತಿಯೂ ಕುಂದುತ್ತದೆಂಬುದು ನಿಜ. ಡಬ್ಬಿಯ ಮೇಲೆ ಬರೆದಿರುವ ಮೈನಸ್ 50 ಫ್ಯಾರನ್‌ಹೀಟ್ ಎಂಬ ಅಂಕಿಯೂ ಕೊಳವೆ ಒಡೆಯದಿರುವುದಕ್ಕೆ ಸಂಬಂಧಿಸಿದ್ದೇ ಹೊರತು, ದ್ರವ ಗಟ್ಟಿಯಾಗತೊಡಗುವ ಮಟ್ಟವಲ್ಲ; ಅದು ಬಹಳ ಮೊದಲೇ ಗಂಜಿಯಂತಾಗುತ್ತದೆ.

ಇನ್ನು ಎರಡನೆಯ, ಹೆಚ್ಚು ಗಂಭೀರವಾದ ತಪ್ಪು. ಕಾರಿನ ಕೂಲಂಟ್ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್‌ನಿಂದ ಮಾಡಿದ್ದು. ಅದು ವಿಷ. ರುಚಿ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು, ಮಕ್ಕಳು ನೆಕ್ಕುವ ಸಂಭವವಿದೆ. ದೇಹ ಸೇರಿದರೆ ಮೂತ್ರಪಿಂಡಗಳನ್ನೇ ಕೆಡಿಸುತ್ತದೆ. ಸ್ವಂತ ಎಂಜಿನ್ನಿನಿಂದಲೇ ಓಡುವ ಆರ್.ವಿ.ಯಾದ ಮೋಟರ್‌ಹೋಮ್‌ನ ಎಂಜಿನ್ನಿಗೆ ಅದು ಬೇಕು, ಅಲ್ಲಿ ಅದರ ಮಟ್ಟವನ್ನೂ ಗಾಢತೆಯನ್ನೂ ಪರೀಕ್ಷಿಸಿಕೊಳ್ಳಬೇಕು, ನಿಜ. ಆದರೆ ನಾವು ಕುಡಿಯುವ, ಅಕ್ಕಿ ತೊಳೆಯುವ ನೀರು ಹರಿಯುವ ಕೊಳವೆಗೆ ಅದರ ಒಂದು ಹನಿಯೂ ಹೋಗಕೂಡದು. ಕೊಳವೆಗಳಿಗೆಂದೇ ಮಾರುವ ಆಂಟಿಫ್ರೀಜ್ ಬಹುಮಟ್ಟಿಗೆ ಪ್ರಾಪಿಲೀನ್ ಗ್ಲೈಕಾಲ್‌ನದು, ಇದನ್ನು ಆಹಾರ ಮತ್ತು ಔಷಧಗಳಲ್ಲಿಯೂ ಬಳಸುತ್ತಾರೆ. ಗುಲಾಬಿ ಬಣ್ಣದ್ದೆಲ್ಲ ಸುರಕ್ಷಿತವೆಂದು ತಿಳಿದುಕೊಳ್ಳುವುದೂ ತಪ್ಪು, ಏಕೆಂದರೆ ಈಗ ಕೆಲವು ಕಾರುಗಳ ಕೂಲಂಟೂ ಗುಲಾಬಿಯಾಗಿಯೇ ಬರುತ್ತದೆ. ಬಣ್ಣ ನೋಡಿ ಕೊಳ್ಳದೆ ಡಬ್ಬಿಯ ಮೇಲಿನ ಬರಹ ಓದಿ ಕೊಳ್ಳಬೇಕು.

ನೀರಿನ ಕೆಲಸ ಮುಗಿದ ಮೇಲೆ ಬ್ಯಾಟರಿ. ಪೂರ್ತಿ ಚಾರ್ಜ್ ಆದ ಸೀಸದ ಬ್ಯಾಟರಿ ಇಲ್ಲಿನ ಚಳಿಯಲ್ಲಿ ಹೆಪ್ಪುಗಟ್ಟುವುದು ಅಪರೂಪ. ಅದೇ ಬ್ಯಾಟರಿ ಬರಿದಾಗಿದ್ದರೆ ಮೈನಸ್ 7 ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಗಟ್ಟಿಯಾಗಿ ಬಿರಿಯಬಹುದು. ಗ್ಯಾಸ್ ಸೋರಿಕೆಯ ಎಚ್ಚರಿಕೆ ಯಂತ್ರದಂಥವು ಸದ್ದಿಲ್ಲದೆ ಅದನ್ನು ಹೀರುತ್ತಲೇ ಇರುವುದರಿಂದ ತಂತಿ ಕಳಚಿ ಗರಾಜಿಗೆ ತಂದಿಡುವುದೇ ಮೇಲು. ಲಿಥಿಯಂ ಬ್ಯಾಟರಿ ಇರುವವರು ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು.

ಸಾಗರದ ಸೀಮೆಯಲ್ಲಿ ನನ್ನ ತಂದೆ ಮಳೆಗಾಲಕ್ಕೆ ಮುಂಚೆ ಎತ್ತಿನ ಗಾಡಿಯನ್ನು ಕೊಟ್ಟಿಗೆಗೆ ಸೇರಿಸಿ, ಅಚ್ಚಿಗೆ ಕೀಲೆಣ್ಣೆ ಹಾಕಿ, ಚಕ್ರ ನೆಲದ ತೇವ ಹೀರದಂತೆ ಕೆಳಗೆ ಹಲಗೆಯಿಟ್ಟು, ಮನೆಯ ಗೋಡೆಗೆ ಇರಿಚಲು ಬಡಿಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು. ಆ ತಟ್ಟಿಗೆ ಗಾಳಿಯಾಡುವ ಗುಣವಿತ್ತು. ಇಲ್ಲಿ ನಮ್ಮವರು ಪೇಟೆಯಿಂದ ನೀಲಿ ಪ್ಲಾಸ್ಟಿಕ್ ಟಾರ್ಪಾಲ್ ತಂದು ಗಾಡಿಗೆ ಬಿಗಿದು ಕಟ್ಟುತ್ತಾರೆ. ಒಳಗಿನ ತೇವಕ್ಕೆ ಹೊರಹೋಗಲು ದಾರಿಯಿಲ್ಲದೆ ಬೂಷ್ಟು ಹಿಡಿಯುತ್ತದೆ, ಗಾಳಿಗೆ ಪಟಪಟ ಬಡಿದು ಬಣ್ಣವೂ ಕೆರೆದುಹೋಗುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆಯೇ ಆಗಬೇಕು. ಹೊದಿಸುವ ಮೊದಲು ಏಣಿ ಹತ್ತಿ ಮಾಡಿನ ಸಂದುಗಳನ್ನು ಮುಚ್ಚುವ ಅಂಟಾದ ಸೀಲಂಟ್ ಬಿರಿದಿದೆಯೇ ನೋಡಬೇಕು, ಏಕೆಂದರೆ ಕರಗಿದ ಹಿಮ ಬಿರುಕಿಗೆ ಇಳಿದು ರಾತ್ರಿ ಮತ್ತೆ ಗಟ್ಟಿಯಾಗಿ ಅದನ್ನು ದಿನದಿನಕ್ಕೂ ಅಗಲಿಸುತ್ತದೆ. ಚಕ್ರದಡಿ ಹಲಗೆ ಇಡುವ ತಂದೆಯವರ ಪದ್ಧತಿಯನ್ನು ನಾನು ಇಲ್ಲಿಯೂ ಬಿಟ್ಟಿಲ್ಲ.

ಇಲಿಗಳ ವಿಚಾರದಲ್ಲಿ ಮಾತ್ರ ನಾವು ಕನ್ನಡಿಗರು ಹೆಚ್ಚಿನ ಎಚ್ಚರ ವಹಿಸಬೇಕು. ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ ಇಲ್ಲದ ಆರ್.ವಿ.ಯನ್ನು ನಾನಿನ್ನೂ ಕಂಡಿಲ್ಲ. ಪೆನ್ಸಿಲ್ ತೂರುವಷ್ಟು ಸಂದಿನಲ್ಲಿ ನುಸುಳಬಲ್ಲ ಸುಂಡಿಲಿಗಳು ಚಳಿಗೆ ಬೆಚ್ಚನೆಯ ಗೂಡು ಹುಡುಕಿ ಬಂದು, ತಿನ್ನಲು ಏನೂ ಇಲ್ಲದಿದ್ದರೂ ವೈರುಗಳನ್ನು ಕಡಿಯುತ್ತವೆ. ಕಾಳುಕಡ್ಡಿಯೆಲ್ಲ ಮನೆಗೆ ಒಯ್ದು, ಕೊಳವೆ ಮತ್ತು ವೈರು ನೆಲ ತೂರುವ ಕಂಡಿಗಳಿಗೆ ಸ್ಟೀಲ್ ವುಲ್ ತುರುಕಬೇಕು. ಬೂಷ್ಟು ಹಿಡಿಯದಂತೆ ಫ್ರಿಜ್ಜಿನ ಬಾಗಿಲನ್ನು ತೆರೆದೇ ಇಡಬೇಕು. ಗ್ಯಾಸ್ ಸಿಲಿಂಡರನ್ನು ಬಂದ್ ಮಾಡಬೇಕೇ ವಿನಾ ಅದನ್ನು ಮನೆಯೊಳಗೆ ತಂದಿಡಬಾರದು.

ಡಿಸೆಂಬರಿನಲ್ಲಿ ಊರಿಗೆ ಹೋಗುವ ಕೆಲವರು, ಇಷ್ಟೆಲ್ಲ ರಗಳೆ ಬೇಡವೆಂದು ಗಾಡಿಯೊಳಗೆ ಸಣ್ಣ ಎಲೆಕ್ಟ್ರಿಕ್ ಹೀಟರ್ ಹಚ್ಚಿಟ್ಟು ವಿಮಾನ ಹತ್ತುತ್ತಾರೆ. ಹಿಮಗಾಳಿಗೆ ವಿದ್ಯುತ್ ಒಂದು ರಾತ್ರಿ ಹೋದರೆ ಸಾಕು, ಅದರ ಪ್ರಯೋಜನ ಮುಗಿಯಿತು. ಹೋಗದಿದ್ದರೂ ಕಾವಲಿಲ್ಲದ ಹೀಟರ್ ಬೆಂಕಿಗೆ ಕಾರಣವಾಗಬಹುದು. ತಾವೇ ಮಾಡಲಾಗದವರು ಹಣ ಕೊಟ್ಟು ಮಾಡಿಸಿಕೊಳ್ಳಲಿ, ಅದರಲ್ಲಿ ನಾಚಿಕೆಯೇನಿಲ್ಲ. ಟೆಂಪೊ ಟ್ರಾವೆಲರ್‌ಗಳನ್ನು ಕ್ಯಾಂಪರ್ ಆಗಿ ಮಾರ್ಪಡಿಸಿಕೊಂಡು ಬೆಂಗಳೂರಿನಿಂದ ಲಡಾಖಿನ ಕಡೆಗೆ ಹೊರಡುವವರೂ ತಮ್ಮ ನೀರಿನ ಟ್ಯಾಂಕು, ಪಂಪುಗಳ ಬಗ್ಗೆ ಇದೇ ಎಚ್ಚರ ವಹಿಸುವುದು ಒಳ್ಳೆಯದು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಕೂಲಂಟ್ ಕುರಿತ ಆ ವಾಕ್ಯಕ್ಕೆ ಮುಂದಿನ ಭಾನುವಾರದ ಪುರವಣಿಯಲ್ಲೇ, ಅದೇ ಪುಟದಲ್ಲಿ ತಿದ್ದುಪಡಿಯನ್ನು ದಯವಿಟ್ಟು ಪ್ರಕಟಿಸಿ. ಆ ವಾಕ್ಯವನ್ನು ನಂಬಿ ಈಗಾಗಲೇ ಕೂಲಂಟ್ ಸುರಿದವರು ಇದ್ದರೆ, ಆ ಕೊಳವೆಗಳ ನೀರನ್ನು ಕುಡಿಯಲು, ಅಡುಗೆಗೆ ಬಳಸದೆ, ಗಾಡಿಯನ್ನು ತಿಳಿದ ಮೆಕ್ಯಾನಿಕ್‌ಗೆ ತೋರಿಸಬೇಕೆಂಬ ಮಾತನ್ನೂ ಅದರಲ್ಲಿ ಸೇರಿಸಿ.

ಇಂತಿ ತಮ್ಮ ವಿಶ್ವಾಸಿ,
ಮಿನಿಯಾಪೊಲಿಸ್‌ನ ಓದುಗ