ಹಸಿರು ಚುಕ್ಕೆ ಹಾಕಿ ಮೀನಿನ ಸಾಸ್ ಬಡಿಸಿದ್ದರ ಬಗ್ಗೆ

ಮ್ಯಾನೇಜರರೇ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀವು ಊಟಕ್ಕೆ ಹೋಗಿದ್ದೀರಿ ಅಂತಲೇ ಉತ್ತರ. ಎಲ್ಲಿಗೆ ಹೋಗ್ತೀರೋ ಗೊತ್ತಿಲ್ಲ, ನಿಮ್ಮ ಹೋಟೆಲಿಗಂತೂ ಅಲ್ಲ ಅಂತ ಕಾಣ್ತದೆ. ವಾಟ್ಸಾಪಲ್ಲಿ ನೀಲಿ ಟಿಕ್ ಬಿದ್ದು ಒಂಬತ್ತು ದಿನ ಆಯ್ತು. ಹಾಗಾಗಿ ಈ ಪತ್ರ. ಸಿಟ್ಟು ಮಾಡದೆ ಬರಿಬೇಕು ಅಂತ ಯಜಮಾನರು ಹೇಳಿದ್ದಾರೆ, ನೋಡುವ.

ಹೋದ ತಿಂಗಳು ಎರಡನೇ ಭಾನುವಾರ ಬದಿಯಡ್ಕದಿಂದ ನಾವು ಐದು ಜನ ಕಾಸರಗೋಡು ಪೇಟೆಗೆ ಬಂದದ್ದು, ಮಗನಿಗೆ ನೂಡಲ್ಸ್ ಆಸೆ, ನಾದಿನಿಗೆ ನಿಮ್ಮ ಬೋರ್ಡಿನ "ಮನೆಯಂಥ ತಾಯ್ ಊಟ, ಕೈಗೆಟುಕುವ ರೇಟು" ಅನ್ನುವುದರ ಮೇಲೆ ನಂಬಿಕೆ (ತಾಯ್ ಅಂದ್ರೆ ತಾಯ್ಲೆಂಡಿನದ್ದು). ಅತ್ತೆಗೆ 71 ವರ್ಷ, ಇಷ್ಟು ವರ್ಷ ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟಿದವರಲ್ಲ. "ತೆಂಗಿನಹಾಲಿನದ್ದು ಅತ್ತೆ, ನಮ್ಮ ಮೇಲೋಗರದ ಹಾಗೇ, ಮಜ್ಜಿಗೆಹುಲ್ಲಿನ ಪರಿಮಳ ಬರ್ತದೆ" ಅಂತ ಹೇಳಿ ಕರ್ಕೊಂಡು ಬಂದದ್ದು ನಾನೇ. ಇದನ್ನು ಯಾಕೆ ಹೇಳ್ತಿದ್ದೇನೆ ಅಂದ್ರೆ ಈಗ ಮನೆಯಲ್ಲಿ ಬೈಗಳು ತಿನ್ನುವುದೂ ನಾನೇ.

ಮೆನು ಮಲಯಾಳ, ಇಂಗ್ಲಿಷಲ್ಲಿ ಮಾತ್ರ. ಅದರ ದೂರು ಇಲ್ಲ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮಗೆ ಅಭ್ಯಾಸ ಆಗಿದೆ. ಗ್ರೀನ್ ಕರಿ ಎದುರು ಹಸಿರು ಚೌಕ, ಅದರೊಳಗೆ ಹಸಿರು ಚುಕ್ಕೆ. ಅದಕ್ಕೆ ಭಾಷೆ ಬೇಡವಲ್ಲ, ಅತ್ತೆಯೇ ಬೆರಳಿಟ್ಟು ತೋರಿಸಿದ್ರು. ಆದ್ರೂ ನಾನು ಆರ್ಡರ್ ಕೊಡುವಾಗ ಕೇಳಿದ್ದೇನೆ, "ಮೀನು, ಸಿಗಡಿ ಏನೂ ಇಲ್ಲವಲ್ಲ?" ನಿಮ್ಮ ಹುಡುಗ "ಪ್ಯೂರ್ ವೆಜ್ ಮೇಡಂ" ಅಂದ. ಅತ್ತೆ ಬದನೆ ಒಳ್ಳೆ ಬೆಂದಿದೆ ಅಂತ ಎರಡನೇ ಸಲ ಹಾಕಿಸಿಕೊಂಡ್ರು. ಬಪ್ಪಂಗಾಯಿ (ಪಪ್ಪಾಯಿ) ಕೋಸಂಬರಿಯೂ ಹಾಗೆ, ನೆಲಗಡಲೆ ಹಾಕಿ ಕುಟ್ಟಿದ್ದು, ಬಟ್ಟಲು ಖಾಲಿ. ಅಡುಗೆಯವರ ಕೈ ಒಳ್ಳೇದು, ಅದನ್ನು ಒಪ್ತೇನೆ. ಹೊಟ್ಟೆ ಉರಿಯುವುದೂ ಅದಕ್ಕೇ.

ಯಜಮಾನರು ಕೈ ತೊಳಿಲಿಕ್ಕೆ ಹೋದಾಗ ಅಡುಗೆಮನೆಯ ಅರ್ಧ ಬಾಗಿಲಿಂದ ಕಂಡದ್ದು ಒಂದು ಉದ್ದ ಬಾಟ್ಲಿ, ಅದರ ಮೇಲೆ ಮೀನಿನ ಚಿತ್ರ, ಅದನ್ನು ಅದೇ ಬಪ್ಪಂಗಾಯಿಗೆ ಬಗ್ಗಿಸ್ತಿದ್ರು. ಬಂದು ನನ್ನ ಕಿವಿಯಲ್ಲಿ ಹೇಳಿದ್ರು. ಆಮೇಲೆ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರಿತೇನೆ, ನಿಮ್ಮ ಹುಡುಗ ಬೇರೆ ತರ ಹೇಳಿರಬಹುದು.

"ಇದರಲ್ಲಿ ಮೀನು ಉಂಟಾ?"
"ಇಲ್ಲ ಮೇಡಂ."
"ಫಿಶ್ ಸಾಸ್?"
"ಅದು ಉಂಟು."
"ಅದು ಮೀನಲ್ವಾ?"
"ಅಲ್ಲ ಮೇಡಂ. ಸಾಸ್."

ನೆತ್ತೋಲಿ ಜಾತಿಯ ಮೀನನ್ನು ಉಪ್ಪಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಇಳಿಸಿದ ನೀರು ಅದು, ನಿಮಗೆ ನಾನು ಹೇಳಿಕೊಡಬೇಕಾ? ಅವ ಅಷ್ಟಕ್ಕೇ ಬಿಡದೆ ಕೌಂಟರ್ ಕಡೆ ತಿರುಗಿ ಜೋರಾಗಿ ಕೂಗಿದ, "ಈ ಅಮ್ಮಕ್ಕ್ ಮೀನ್ ಪಟ್ಟಿಲ್ಲತ್ರೇ!" ಈ ಅಮ್ಮನಿಗೆ ಮೀನು ಆಗುವುದಿಲ್ಲವಂತೆ, ಅಂತ. ಆಚೆ ಟೇಬಲಿನವರು ನಕ್ಕರು. ನಾವು ಕನ್ನಡ ಮೀಡಿಯಮ್ಮಿನವರು ನಿಜ, ಮಲಯಾಳ ಶಾಲೆಯಲ್ಲಿ ಕಲಿತದ್ದಲ್ಲ, ಬಸ್ಸಲ್ಲಿ ಕಲಿತದ್ದು, ಅಷ್ಟು ಸಾಕಾಗ್ತದೆ. ಅತ್ತೆಗೂ ಅರ್ಥ ಆಯ್ತು. ಬಾಯಲ್ಲಿದ್ದ ತುತ್ತನ್ನು ನುಂಗುವುದಾ ಉಗಿಯುವುದಾ ಗೊತ್ತಾಗದೆ ಸೆರಗು ಬಾಯಿಗೆ ಅಡ್ಡ ಹಿಡಿದು ಕೂತ್ರು, ಅಷ್ಟು ಜನರ ಎದುರು.

ಆಗ ನೀವು ಬಂದ್ರಿ. ನಾನು ಚುಕ್ಕೆ ತೋರಿಸಿದೆ. ನೀವು ಹೇಳಿದ್ದು, "ಅದು ಗ್ರೀನ್ ಕರಿ ಅಲ್ವಾ ಮೇಡಂ, ಅದಕ್ಕೆ ಹಸಿರು." ಹಾಗಾದ್ರೆ ರೆಡ್ ಕರಿ ಎದುರು ಯಾಕೆ ಹಸಿರು ಚುಕ್ಕೆ, ಮ್ಯಾನೇಜರರೇ? ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಬಂದಿಲ್ಲ.

ಆಮೇಲೆ "ತಾಯ್ ಊಟ ಅಂದ್ರೆ ಹಾಗೇ" ಅಂತ ಒಂದು ಪಾಠ. ಅವರ ಊರಿನ ಊಟದ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ತಾಯ್ಲೆಂಡಲ್ಲೇ "ಜೇ" ಅಂತ ಒಂದು ಕ್ರಮ ಉಂಟು, ಮೀನು ಮಾಂಸ ಬಿಡಿ, ಬೆಳ್ಳುಳ್ಳಿ ನೀರುಳ್ಳಿ ಕೂಡ ಇಲ್ಲ, ಹಬ್ಬದ ದಿನಗಳಲ್ಲಿ ಅಂಗಡಿ ಎದುರು ಹಳದಿ ಬಾವುಟ ಕಟ್ತಾರೆ. ಮೀನಿನ ಸಾಸ್ ಬದಲು ಸೋಯಾ ಸಾಸ್. ಅಂದ್ರೆ ಬ್ಯಾಂಕಾಕಲ್ಲಿ ಆಗುವುದು ಕಾಸರಗೋಡಲ್ಲಿ ಆಗುವುದಿಲ್ಲ. ಗ್ರೀನ್ ಕರಿಯ ಪೇಸ್ಟಿಗೂ ಅವರಲ್ಲಿ ಸಾಮಾನ್ಯವಾಗಿ ಸಿಗಡಿ ಅರೆದು ಹಾಕ್ತಾರೆ. ನಿಮ್ಮದರಲ್ಲಿ ಇತ್ತಾ ಅಂತ ಕೇಳಿದ್ದಕ್ಕೆ "ಪ್ಯಾಕೆಟಲ್ಲಿ ಬರುವುದು" ಅಂದ್ರಿ. ಪ್ಯಾಕೆಟಿನ ಮೇಲೂ ಒಂದು ಚುಕ್ಕೆ ಇರ್ತದೆ, ನೋಡಿ ಒಮ್ಮೆ.

ಇನ್ನು ಬಿಲ್. 1,640ಕ್ಕೆ ಸರ್ವಿಸ್ ಚಾರ್ಜ್ 164, ಎರಡರ ಮೇಲೂ ಜಿಎಸ್‌ಟಿ. ಯಾವ ಸರ್ವಿಸಿಗೆ? ಕೂಗಿದ್ದಕ್ಕಾ? ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ 2022 ಜುಲೈಯಲ್ಲೇ ಕೇಂದ್ರದ ಗ್ರಾಹಕ ಪ್ರಾಧಿಕಾರ ಹೇಳಿದೆ, 2025 ಮಾರ್ಚಲ್ಲಿ ದಿಲ್ಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡಿದಿದೆ. ನೀವಂದದ್ದು "ಅದು ದಿಲ್ಲಿಯದ್ದು ಮೇಡಂ". ಬಿಲ್ಲಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು 14 ಅಂಕೆ ಇರಬೇಕು, ಮಗ ಎರಡೆರಡು ಸಲ ಎಣಿಸಿದ, ನಿಮ್ಮದು 13. ಇನ್ನೊಂದು ಅಂಕೆಯೂ ದಿಲ್ಲಿಯಲ್ಲೇ ಉಳಿಯಿತೋ ಏನೋ.

ಅತ್ತೆ ಬಸ್ಸಲ್ಲಿ ಒಂದು ಮಾತಾಡ್ಲಿಲ್ಲ. ರಾತ್ರಿ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹಾಕಿಕೊಂಡ್ರು, ಮರುದಿನ ಪಂಚಗವ್ಯ, ಊಟ ಇಲ್ಲ. ಈಗಲೂ ನಾನು ಸಾರಿಗೆ ಒಗ್ಗರಣೆ ಹಾಕಿದ್ರೆ ಬಾಟ್ಲಿ ತಿರುಗಿಸಿ ನೋಡ್ತಾರೆ.

ಮೊದಲು ದುಡ್ಡು ವಾಪಸ್ ಕೇಳುವ ಅಂತಿದ್ದೆ. ಈಗ ಬೇಡ. ಆ ಮೆನು ತಿದ್ದಿ, ಅತ್ತೆಗೆ ಕನ್ನಡದಲ್ಲಿ ಒಂದು ಕ್ಷಮಾಪಣೆ ಪತ್ರ ಕಳಿಸಿ, ಏಳು ದಿನದೊಳಗೆ. ಇಲ್ಲದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಫುಡ್ ಸೇಫ್ಟಿಯವರಿಗೆ ಮೆನುವಿನ ಫೋಟೋ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗೆ ಅಲ್ಲಿ ಫೀಸಿಲ್ಲ, ನನಗೆ ಬೀಳುವುದು ಬದಿಯಡ್ಕದ ಬಸ್ ಚಾರ್ಜ್ ಮಾತ್ರ. ಅತ್ತೆಯೂ ಬರ್ತಾರಂತೆ. ಆ ಹುಡುಗ ಕೂಗಿದ್ದನ್ನು ಅಲ್ಲಿ ಅವರೇ ಹೇಳ್ತಾರಂತೆ, ಮಲಯಾಳದಲ್ಲೇ.

ಇತಿ,
ಆ ದಿನ ಕಿಟಕಿ ಬದಿಯ ಟೇಬಲಲ್ಲಿ ಕೂತವಳು