ಉಸಿರು ಬಿಡೋದನ್ನು ಕಲಿಸಿದವರಿಗೆ

ಯೋಗ ಶುರು ಮಾಡಿ ವರ್ಷ ದಾಟಿತು. ಈಗ ರಾತ್ರಿ ಮಲಗಿದರೆ ನಿದ್ದೆ ಬರುತ್ತದೆ. ಕತ್ತು, ಭುಜದ ಬಿಗಿತ ಬಹಳ ಕಡಿಮೆಯಾಗಿದೆ. ಬಿಪಿ ಹತೋಟಿಯಲ್ಲಿದೆ. ಇದಕ್ಕೆ ಕಾರಣರಾದವರ ಎದುರು ನಿಂತಾಗಲೆಲ್ಲ ಗಂಟಲು ಕಟ್ಟಿಬಿಡುತ್ತದೆ. ಅದಕ್ಕೇ ಇಲ್ಲಿ, ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಮೊದಲು ನಮ್ಮ ಡಾಕ್ಟರಿಗೆ. ಕೆಲಸದ ಒತ್ತಡ ಜಾಸ್ತಿಯಾಗಿದ್ದ ದಿನಗಳವು. ಕೂತಲ್ಲೇ ಎದೆ ಡವಡವ ಅನ್ನೋದು. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವರು ಮಾತ್ರೆ ಬರೆದರು, ಯೋಗವನ್ನೂ ಕಲಿಯಿರಿ ಎಂದರು. "ಆದರೆ ಮಾತ್ರೆ ನೀವಾಗೇ ನಿಲ್ಲಿಸಬೇಡಿ" ಎಂದು ಎರಡೆರಡು ಸಲ ಹೇಳಿದರು. ಆ ಮಾತಿಗೆ ನಾನು ಋಣಿ. ಸ್ವಲ್ಪ ಹಗುರವಾದ ತಕ್ಷಣ ಔಷಧಿ ಬಿಟ್ಟುಬಿಡೋಣ ಅನ್ನಿಸುತ್ತದೆ, ಅಲ್ವಾ? ಅದು ಅಪಾಯ. ನನ್ನ ಡೋಸ್ ಕಡಿಮೆ ಮಾಡಿದ್ದೂ ಅವರೇ, ಹಲವು ಸಲ ಬಿಪಿ ನೋಡಿದ ಮೇಲೆ.

ಇನ್ನು ಯೋಗ ಮೇಡಂ. ಮೊದಲ ದಿನ ಅವರು ಒಂದು ಆಸನವನ್ನೂ ಹೇಳಿಕೊಡಲಿಲ್ಲ. ಏನೇನು ಕಾಯಿಲೆ ಇದೆ, ಆಪರೇಷನ್ ಆಗಿದೆಯಾ, ಕಣ್ಣಿನ ಒತ್ತಡ ಇದೆಯಾ ಎಂದು ಕೇಳಿ ಬರೆದುಕೊಂಡರು. ಬಿಪಿ ಇದ್ದುದರಿಂದ ಶೀರ್ಷಾಸನ, ಸರ್ವಾಂಗಾಸನ ಬೇಡ ಎಂದರು. ಉಸಿರು ಹಿಡಿದಿಡುವ ಕುಂಭಕವೂ ಬೇಡ, ರಭಸದಿಂದ ಉಸಿರು ಹೊರದಬ್ಬುವ ಕಪಾಲಭಾತಿಯೂ ಬೇಡ. ಕಾಲ್ಬೆರಳಿನಿಂದ ಕತ್ತಿನವರೆಗೆ ಒಂದೊಂದೇ ಕೀಲು ಸಡಿಲ ಮಾಡಿಸಿದರು. ಆಮೇಲೆ ತಾಡಾಸನ, ಭುಜಂಗಾಸನ ಬಂದವು. ಮುಂದಕ್ಕೆ ಬಾಗಿದಾಗ ಕೈ ಪಾದಕ್ಕೆ ಎಟುಕದಿದ್ದರೆ, "ಉಸಿರು ಎಲ್ಲಿ ಕಟ್ಟುತ್ತೋ ಅಲ್ಲಿಗೇ ನಿಲ್ಲಿಸಿ, ಸಾಕು" ಎನ್ನುತ್ತಿದ್ದರು.

ಕಾರಣ ಹೇಳದೆ ಅವರು ಏನನ್ನೂ ಮಾಡಿಸಿದವರಲ್ಲ. ಉಸಿರು ಒಳಗೆ ಎಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಹೀಗೆ ಇಳಿಸುವುದು ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಹೋಗುವ ವೇಗಸ್ ನರದ ಕೆಲಸ. ಅದಕ್ಕೇ ಬಿಡುವ ಉಸಿರನ್ನು ಉದ್ದ ಮಾಡಬೇಕು. ಸುಮ್ಮನೆ ಕೂತಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. 4 ಸೆಕೆಂಡು ಎಳೆದು 6 ಸೆಕೆಂಡು ಬಿಟ್ಟರೆ ಅದು 6ಕ್ಕೆ ಇಳಿಯುತ್ತದೆ. ಭ್ರಾಮರಿಯಲ್ಲಿ ದುಂಬಿಯ ಹಾಗೆ ಗುಂಯ್‌ಗುಡುವಾಗ ಉಸಿರು ತಾನಾಗೇ ಉದ್ದವಾಗುತ್ತದೆ. ಒತ್ತಡ ಎಷ್ಟೇ ಇರಲಿ, ನನ್ನ ಮೈಯನ್ನು ಸಮಾಧಾನ ಮಾಡುವ ಒಂದು ದಾರಿ ನನ್ನ ಕೈಯಲ್ಲೇ ಇದೆ ಎಂದು ಗೊತ್ತಾದಾಗ ಎಷ್ಟು ಧೈರ್ಯ ಬಂತು! ಈಗ ಮೀಟಿಂಗ್ ನಡುವೆ ಎದೆ ಡವಗುಟ್ಟಿದರೂ ಸದ್ದಿಲ್ಲದೆ ಎಣಿಸಿ ಉಸಿರು ಬಿಡುತ್ತೇನೆ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಶವಾಸನ. ಮೈ ಮಲಗಿದರೂ ತಲೆ ಓಡುತ್ತಲೇ ಇರುತ್ತಿತ್ತು. ಮೇಡಂ ಮಂಡಿ ಕೆಳಗೆ ದಿಂಬು ಇಟ್ಟರು. ಪಕ್ಕದಲ್ಲಿ ಕೂತು ಪಾದ, ಮೀನಖಂಡ, ತೊಡೆ ಎಂದು ಒಂದೊಂದಾಗಿ ಹೇಳುತ್ತಾ, ಅಲ್ಲಲ್ಲೇ ಗಮನ ಇಡಿಸಿದರು. ಒಂದು ದಿನ ಇದ್ದಕ್ಕಿದ್ದಂತೆ ಅಳು ಬಂತು. ಯಾಕೆ ಎಂದು ಕೇಳಲಿಲ್ಲ. ಹೊದಿಕೆ ತಂದು ಹೊದಿಸಿದರು, ಅಷ್ಟೇ. ಆ ದಿನ ಕೇಳಿದ್ದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅದನ್ನು ಅರಿತುಕೊಂಡ ಅವರ ಮನಸ್ಸನ್ನು ನಾನು ಎಂದೂ ಮರೆಯಲಾರೆ.

ಪಕ್ಕದ ಚಾಪೆಯ ಅಕ್ಕನಿಗೂ ನಮಸ್ಕಾರ. ಮಂಡಿನೋವು ಅಂತ ಕುರ್ಚಿ ಮೇಲೆ ಕೂತೇ ಅಭ್ಯಾಸ ಮಾಡುವವರು ಅವರು. ನಾನು ತಪ್ಪಿಸಿಕೊಂಡ ದಿನವೆಲ್ಲ ಸಂಜೆ ಫೋನ್ ಬರುತ್ತಿತ್ತು: "ನಾಳೆ ಬರ್ತೀಯಲ್ಲ?" ಆ ದನಿಗೆ ಇಲ್ಲ ಎನ್ನಲು ಆಗುತ್ತಿರಲಿಲ್ಲ.

ಮನೆಯವರೆಲ್ಲ ಬೆಳಗಿನ ಕೆಲಸ ತಾವೇ ಹಂಚಿಕೊಂಡರು. ಆ ಹೊತ್ತಿನಲ್ಲಿ ನನ್ನ ಫೋನೂ ಅವರ ಹತ್ತಿರವೇ. ಕೋಣೆ ಬಾಗಿಲು ತೆರೆದು ಯಾರೂ ಒಂದು ಮಾತು ಕೇಳಿದವರಲ್ಲ. ನನ್ನ ಸಿಡುಕನ್ನು ಸಹಿಸಿದ್ದು ಇವರೇ, ಈಗ ನಾನು ನಗುವುದನ್ನು ಮೊದಲು ಗುರುತಿಸಿದ್ದೂ ಇವರೇ.

ಮೇಡಂ, ಹೊಸಬರ ತರಗತಿಗೆ ಜೊತೆಗೊಬ್ಬರು ಬೇಕು ಎಂದಿದ್ದಿರಿ. ಚಾಪೆ ಹಾಸಲು, ಕೀಲು ಸಡಿಲ ಮಾಡಿಸಲು ನಾನು ಬರುತ್ತೇನೆ.