ಆ ತಾಯಿ ಅತ್ತುಬಿಟ್ರೆ ಅಂತ ಕೇಳಿದ್ಯಲ್ಲ

ಪುಟ್ಟಿ,

ನಿನ್ನ ಪತ್ರ ಓದಿ ಮಡಚಿಟ್ಟೆ, ಮತ್ತೆ ತೆಗೆದೆ. ನಿನ್ನ ಸೋಷಿಯಲ್ ವರ್ಕ್ ಕ್ಲಾಸಿಗೆ ಒಬ್ಬ ತಾಯೀನ ಮಗಳ ವಿಷಯ ಮಾತಾಡೋಕೆ ಕರೀತಿದೀಯ ಅಂತ ಬರೆದಿದೀಯ. ಮಿಕ್ಕಿದ್ದೆಲ್ಲ ಸರಿ, ಆ ಒಂದು ಸಾಲು ಮಾತ್ರ ನನ್ನನ್ನ ಬಿಡ್ತಿಲ್ಲ. "ದೊಡ್ಡಮ್ಮ, ಆ ತಾಯಿ ಕ್ಲಾಸಲ್ಲಿ ಸ್ಟೂಡೆಂಟ್ಸ್ ಮುಂದೆ ಅತ್ತುಬಿಟ್ರೆ ನಾನೇನ್ ಮಾಡ್ಲಿ?"

ಇದೇ ಭಯ ಇಟ್ಕೊಂಡು ನಾನೂ ಒಬ್ಬ ತಾಯೀನ ನನ್ನ ಕ್ಲಾಸಿಗೆ ಕರೆಸಿದ್ದೆ. ಮಗನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ, ಹನ್ನೊಂದು ವರ್ಷದಿಂದ ಅವರೊಬ್ರೇ ನೋಡ್ಕೊಳ್ತಿದ್ರು. ಎಲ್ಲಿ ಅತ್ತುಬಿಡ್ತಾರೋ ಅಂತ ಏನೇನ್ ಹೇಳ್ಬೇಕು ಅನ್ನೋದನ್ನ ನಾನೇ ಒಂದು ಹಾಳೇಲಿ ಬರೆದುಕೊಟ್ಟೆ, ಅವರ ಗಂಟಲು ಕಟ್ಟಿದ ಹಾಗೆ ಕಂಡಿದ್ದೇ ತಡ ನೀರಿನ ಲೋಟ ಹಿಡಿದು "ಮುಂದಿನ ಪ್ರಶ್ನೆ ಯಾರ್ದು" ಅಂದೆ. ಅವರು ಅಳ್ಲೇ ಇಲ್ಲ. ಎಲ್ರೂ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಟಿದೆ, ಸದ್ಯ ಪಾರಾದೆ ಅಂದ್ಕೊಂಡೆ. ಹೊರಗೆ ಬಂದ್ರೆ ಮಗ ಕಿಟಕಿ ಪಕ್ಕದ ಬೆಂಚಲ್ಲಿ ಕೂತಿದಾನೆ. ಮನೇಲಿ ಅವನನ್ನ ನೋಡ್ಕೊಳ್ಳೋಕೆ ಬೇರೆ ಯಾರೂ ಇರ್ಲಿಲ್ಲ, ಅದನ್ನ ನಾನು ಕೇಳೇ ಇರ್ಲಿಲ್ಲ. ತನ್ನ ಕಥೇನ ಹೊರಗೆ ಕೂತು ಪೂರ್ತಿ ಕೇಳಿಸ್ಕೊಂಡಿದ್ದ. "ಮೇಡಂ, ಆಸ್ಪತ್ರೆಗೆ ಸೇರಿಸಿದ ವರ್ಷ ಅಮ್ಮ ತಪ್ಪು ಹೇಳಿದ್ರು" ಅಂದ. ಅಷ್ಟೇ ಅಂದಿದ್ದು. ಇವತ್ತಿಗೂ ಆ ಬೆಂಚು ಕಣ್ಮುಂದೆ ಬರತ್ತೆ.

ಓದೋವಾಗ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಬರೆದ, ತೀರ್ಮಾನಗಳಲ್ಲಿ ಜನ ಎಷ್ಟು ಪಾಲ್ಗೊಳ್ತಾರೆ ಅಂತ ಅಳೆಯೋ ಎಂಟು ಮೆಟ್ಟಿಲಿನ ಏಣೀನ ಬಾಯಿಪಾಠ ಮಾಡಿದ್ದೆ, ಕೆಳಗಿನ ಎರಡು ಪಾಲ್ಗೊಳ್ಳೋದೇ ಅಲ್ಲ, ಮಧ್ಯದ ಮೂರು ಬರೀ ತೋರಿಕೆ, ಆರನೇದ್ರಿಂದ ಮೇಲೆ ಮಾತ್ರ ಜನರ ಕೈಗೆ ನಿಜವಾದ ಅಧಿಕಾರ ಬರೋದು ಅಂತ. ಪರೀಕ್ಷೇಲಿ ಚಿತ್ರ ಬಿಡಿಸಿ ಮಾರ್ಕ್ಸೂ ತಗೊಂಡೆ. ಹಾಳೆ ಬರೆದುಕೊಟ್ಟಾಗ ನಾನು ಯಾವ ಮೆಟ್ಟಿಲಲ್ಲಿ ನಿಂತಿದ್ದೆ ಅಂತ ಮಾತ್ರ ಹೊಳೀಲಿಲ್ಲ ನೋಡು.

ಮತ್ತೆ ಅಳೋ ವಿಷಯಕ್ಕೇ ಬರ್ತೀನಿ. ಸ್ವೀಡನ್ನಿನ ಲುಂಡ್ ಯೂನಿವರ್ಸಿಟೀಲಿ 2005ರಲ್ಲಿ ಒಂದು ಕೋರ್ಸ್ ಶುರು ಮಾಡಿದ್ರು, ಸೋಷಿಯಲ್ ವರ್ಕರ್‌ಗಳಿಂದ ಸೇವೆ ಪಡೆಯೋರೂ ಸೋಷಿಯಲ್ ವರ್ಕ್ ಸ್ಟೂಡೆಂಟ್ಸೂ ಒಟ್ಟಿಗೆ ಕೂತು ಓದೋದು. ಪಕ್ಕದಲ್ಲಿ ಕೂತೋರು ಅತ್ರೆ ಭುಜ ಮುಟ್ತೀವಿ, ಮಾತು ಮುಂದುವರಿಯತ್ತೆ. ಎದುರಿಗೆ ನಿಲ್ಲಿಸಿದೋರು ಅತ್ರೇನೇ ಅದೊಂದು ಪ್ರದರ್ಶನ ಆಗಿಬಿಡೋದು. ಇಂಗ್ಲೆಂಡಲ್ಲಂತೂ 2003ರಲ್ಲಿ ಸೋಷಿಯಲ್ ವರ್ಕಿನ ಹೊಸ ಡಿಗ್ರಿ ಬಂದಾಗ ಸೇವೆ ಪಡೆಯೋರನ್ನೂ ಮನೇಲಿ ಆರೈಕೆ ಮಾಡೋರನ್ನೂ ಕೋರ್ಸಿನೊಳಗೆ ಸೇರಿಸ್ಕೊಳ್ಲೇಬೇಕು ಅಂತ ನಿಯಮಾನೇ ಮಾಡಿದ್ರು, ಅಡ್ಮಿಷನ್ನಿಗೆ ಯಾರನ್ನ ಆರಿಸ್ಬೇಕು ಅನ್ನೋದ್ರಲ್ಲೂ ಅವರ ಮಾತಿರ್ಬೇಕು. ನಾವು ವರ್ಷಕ್ಕೊಂದ್ಸಲ ಕರೆದು, ಒಂದು ಗಂಟೆ ಅಳಿಸಿ, ಅಥವಾ ಅಳದ ಹಾಗೆ ನೋಡ್ಕೊಂಡು, ಕಳಿಸಿಬಿಡ್ತೀವಿ.

ಸಲಹೆ ಕೊಡೋ ಯೋಗ್ಯತೆ ನಂಗಿದ್ಯೋ ಇಲ್ವೋ. ಆದ್ರೂ, ಏನು ಹೇಳಲ್ಲ ಅನ್ನೋದನ್ನ ಅವರೇ ಮೊದ್ಲೇ ತೀರ್ಮಾನ ಮಾಡ್ಲಿ. ದುಡ್ಡು ಕೊಡಿಸು, ನಿನ್ನ ಗೆಸ್ಟ್ ಲೆಕ್ಚರರ್‌ಗೆ ಕೊಡೋ ಹಾಗೇ, ಶಾಲು ಹೊದಿಸಿ ಕಳಿಸ್ಬೇಡ. ಯಾರೂ ಮೊಬೈಲಲ್ಲಿ ರೆಕಾರ್ಡ್ ಮಾಡೋದು ಬೇಡ. ಇನ್ನೊಂದು, ಆರೈಕೆ ಮಾಡೋರ ಮಾತು, ಆರೈಕೆ ಮಾಡಿಸ್ಕೊಳ್ಳೋರ ಮಾತು ಎರಡೂ ಒಂದೇ ಅಂತ ತಿಳೀಬೇಡ, ನಾನು ಹಾಗೇ ತಿಳಿದಿದ್ದೆ. ಬೆಂಚಲ್ಲಿ ಕೂತಿದ್ದ ಹುಡುಗನಿಗೆ ಒಳಗೆ ಬಾ ಅನ್ನೋಕೂ ನನ್ನ ಬಾಯಿ ಬರ್ಲಿಲ್ಲ, ಆಮೇಲೆ ಅವರ ಮನೆಗೆ ಹೋಗ್ಬೇಕು ಅಂದ್ಕೊಂಡೇ ರಿಟೈರ್ ಆದೆ.

ಅತ್ರೆ ಅಳ್ಲಿ ಕಣೇ. ನೀರು ಕೊಡೋಕೆ ಮಾತ್ರ ಅವಸರ ಮಾಡ್ಬೇಡ, ನನ್ನ ಲೋಟ ಅವತ್ತು ಅವರ ಬಾಯಿ ಮುಚ್ಚಿಸೋಕೆ ಇದ್ದಿದ್ದು.

ನೀನು ಕರೀತಿರೋ ತಾಯಿ ಮಗಳ ವಿಷಯ ಮಾತಾಡ್ತಾರೆ ಅಂತ ಬರೆದಿದೀಯ. ಆ ಮಗಳಿಗೆ ಇದು ಗೊತ್ತಾ? ಅವಳನ್ನ ಯಾರಾದ್ರೂ ಕೇಳಿದ್ರಾ? ಅದೊಂದನ್ನ ಬೇಗ ಬರಿ.

ನಿನ್ನ ದೊಡ್ಡಮ್ಮ